ಸುಂದರಬಾಯಿಯ ಪಕ್ಕೆಯ ಗಂಟು

ಕೊಹಿನೂರು ಎಂಬ ಹಳ್ಳಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಹೊಕ್ಕುಳ ಜಾರಿದೆ ಎಂದೇ ತಿಳಿಯುತ್ತಿದ್ದರು. “ಬಟ್ಟಿ ಸರದದ” ಎನ್ನುತ್ತ ಸುಂದರಬಾಯಿಯ ಮನೆಗೆ ಬರುತ್ತಿದ್ದರು. ಹಗಲು ತೊಗರಿ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಅವಳು ಸಂಜೆ ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು, ಪಕ್ಕೆಲುಬಿನ ಕೆಳಗಿನಿಂದ ಹೊಕ್ಕುಳದತ್ತ ಒತ್ತಿ ತಿಕ್ಕುತ್ತಿದ್ದಳು. ಜೊತೆಗೆ ಧಾರಾಳವಾಗಿ ಬೈಯುತ್ತಲೂ ಇದ್ದಳು.

೨೦೦೨ರ ಬೇಸಿಗೆಯಲ್ಲಿ ಅವಳದೇ ಬಲಪಕ್ಕೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. ಇದೂ ಬಟ್ಟಿಯೇ ಎಂದುಕೊಂಡಳು. ತನ್ನ ಬಟ್ಟಿಯನ್ನು ತಾನೇ ತಿಕ್ಕಿಕೊಂಡರೆ ಜಾಗಕ್ಕೆ ಕೂಡುವುದಿಲ್ಲ ಎಂಬುದು ನಂಬಿಕೆ. ಹಾಗಾಗಿ ಸೊಸೆ ಆಮ್ರಪಾಲಿಗೆ ಕಲಿಸಿ ಅವಳಿಂದ ತಿಕ್ಕಿಸಿಕೊಂಡಳು. ಮಳೆಗಾಲ ಮುಗಿಯುವಷ್ಟರಲ್ಲಿ ಗಂಟು ಪೇರಲಹಣ್ಣಿನಷ್ಟಾಯಿತು. ಆಮ್ರಪಾಲಿ ಹಟ ಹಿಡಿದು, ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ, ಅತ್ತೆಯನ್ನು ಹುಮನಾಬಾದಿನ ಡಾಕ್ಟರಮ್ಮನ ಬಳಿ ಕರೆದೊಯ್ದಳು.

ಡಾಕ್ಟರಮ್ಮ ಮೆಲ್ಲಗೆ ಮುಟ್ಟಿ ನೋಡಿದರು. “ಇಲ್ಲಿ ಗಂಟು ಅಂದ್ರ ಕಾರಣ ಭಾಳ ಇರ್ತಾವ. ಲಿವರ್ ಬಾತಿರಬಹುದು, ಒಳಗ ಕೀವು ಆಗಿರಬಹುದು, ಪಿತ್ತಕೋಶ ಉಬ್ಬಿರಬಹುದು. ಕ್ಯಾನ್ಸರ್ ಗಡ್ಡಿನೂ ಇರಬಹುದು. ಬರೇ ಕೈಲೆ ಹೇಳಾಕ ಆಗಂಗಿಲ್ಲ.”

ಸ್ಕ್ಯಾನಿನಲ್ಲಿ ಲಿವರಿನೊಳಗೆ ನೀರು ತುಂಬಿದ ಚೀಲ ಕಂಡಿತು. ನಾಯಿಯ ಕರುಳಿನಲ್ಲಿರುವ ಸಣ್ಣ ಲಾಡಿಹುಳುವಿನ ತತ್ತಿ ಕೈಗೋ ಕಾಯಿಪಲ್ಲೆಗೋ ಅಂಟಿ ಹೊಟ್ಟೆ ಸೇರಿದರೆ, ವರ್ಷಗಟ್ಟಲೆ ಸದ್ದಿಲ್ಲದೆ ಇಂಥ ಚೀಲ ಬೆಳೆಯುತ್ತದೆ.

“ಗುಲಬರ್ಗಾದಾಗ ಆಪರೇಷನ್ ಮಾಡ್ತಾರ. ಅಲ್ಲೀತನಕ ಯಾರೂ ಒತ್ತಬ್ಯಾಡ್ರಿ. ಒಡೀತಂದ್ರ ಜೀವಕ್ಕ ಅಪಾಯ.”

ಆಮ್ರಪಾಲಿ ತನ್ನೆರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಾಲ್ಕು ತಿಂಗಳು ಒತ್ತಿದ್ದು ಅವೇ ಕೈಗಳು.

ಆಪರೇಷನ್ನಿಗೆ ವಾರ ಉಳಿದಿರುವಾಗ, ಒಂದು ಮುಂಜಾನೆ, ಸುಂದರಬಾಯಿಗೆ ನೋವು ಕೆರಳಿತು. ಚಾಪೆಯ ಮೇಲೆ ಮುದುಡಿ ಬಿದ್ದಳು.

“ಎಣ್ಣಿ ತಾರs. ಒಂದೇ ಸಲ ತಿಕ್ಕು.”

“ಆಗಂಗಿಲ್ಲ, ಅತ್ತಿ.”

“ನಾ ಕಲಿಸಿದ ವಿದ್ಯಾ ನನಗs ಇಲ್ಲಂತೀ? ದವಾಖಾನಿ ಕಂಡು ಶಾಣ್ಯಾಕಿ ಆದಿ!” ಗೋಡೆ ಹಿಡಿದು ಎದ್ದವಳೇ ಬೀಸುಕಲ್ಲಿನ ಕಡೆ ತಿರುಗಿದಳು. “ಬಿಡು, ಕಲ್ಲಿನ ಮ್ಯಾಲ ಬೋರಲ ಬೀಳ್ತೀನಿ.”

ಆಮ್ರಪಾಲಿ ಓಡಿ ಬಂದು ಬೀಸುಕಲ್ಲಿನ ಮೇಲೆ ತಾನೇ ಕುಳಿತುಬಿಟ್ಟಳು. “ಅತ್ತಿ, ಬಸುರಿ ಬಂದ್ರ ಬಟ್ಟಿ ತಿಕ್ಕತೀರೇನ್ರಿ?”

“ಹುಚ್ಚಿ! ಬಸುರಿ ಹೊಟ್ಟಿ ಯಾರ ಒತ್ತತಾರ? ನೀರಚೀಲ ಒಡದ್ರ?”

“ಮತ್ತ ನಿಮ್ಮದು?”

ಸುಂದರಬಾಯಿ ಅಂಗೈಯನ್ನು ಪಕ್ಕೆಯ ಮೇಲೆ, ತಾಗಿಯೂ ತಾಗದಂತೆ, ಇಟ್ಟುಕೊಂಡಳು. “ಮೊದಲs ಹಿಂಗ ಹೇಳಬಾರದೇನs?” ಎಂದು ಗೊಣಗುತ್ತ ನಿಧಾನವಾಗಿ ಎಡಮಗ್ಗುಲಾಗಿ ಮಲಗಿದಳು. ಆಮ್ರಪಾಲಿ ಆಟೋ ಕರೆಯಲು ಓಡಿದಳು.

ಅವತ್ತೇ ಡಾಕ್ಟರಮ್ಮ ಗುಲಬರ್ಗಾಕ್ಕೆ ಫೋನು ಮಾಡಿ ಕಳಿಸಿದರು. ಅಲ್ಲಿಯ ಸರ್ಜನ್ ಗಂಟಿನ ಸುತ್ತಲೂ ಔಷಧದಲ್ಲಿ ನೆನೆಸಿದ ಬಟ್ಟೆ ಒತ್ತಿಟ್ಟು, ಒಂದು ಹನಿಯೂ ಹೊಟ್ಟೆಯೊಳಗೆ ಚೆಲ್ಲದಂತೆ ಚೀಲವನ್ನು ಬರಿದು ಮಾಡಿ ತೆಗೆದರು.

ಊರಿಗೆ ಮರಳಿದ ಮೇಲೆ ಸುಂದರಬಾಯಿ ಬಟ್ಟಿ ತಿಕ್ಕುವುದನ್ನು ಬಿಡಲಿಲ್ಲ. ಆದರೆ ಮೊದಲು ಒಣಗೈಯಿಂದ ಪಕ್ಕೆಯ ಕೆಳಗೆ ಹಗುರಾಗಿ ಮುಟ್ಟಿ ನೋಡುವಳು. ಏನಾದರೂ ಗಟ್ಟಿ ತಾಗಿದರೆ, “ಏಳು, ಹುಮನಾಬಾದ್ ಬಸ್ ಹತ್ತು” ಎನ್ನುವಳು. ತಕರಾರು ಮಾಡಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ.