ಅಮ್ಮ ಹೇಳಿದ ‘ಚಾಲು’

ಆ ಸಂಜೆ ನಿಜವಾಗಿ ಏನಾಯಿತೆಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡೇ ಕೆಲವು ವರ್ಷ ಕಳೆದೆ. ಅಪ್ಪ ತೀರಿಕೊಂಡದ್ದು ನಿಜ. ಗಾಳಿ ಎದ್ದು ಕರೆಂಟು ಹೋದದ್ದು ನಿಜ. ಅಮ್ಮ ದೇವರ ಗೂಡಿನ ಮುಂದೆ ನಿಂತು ‘ಚಾಲು ಸಾಮೀ, ಚಾಲು’ ಎಂದದ್ದೂ ನಿಜ. ಅದನ್ನು ನಾನೂ ಕೇಳಿದೆ, ಅಕ್ಕನೂ ಕೇಳಿದಳು. ಆದರೆ ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿದರೆ ನನ್ನ ತಲೆ ಒಂದೊಂದು ದಿನ ಒಂದೊಂದು ಉತ್ತರ ಕೊಡುತ್ತದೆ. ಕೊಡುವಾಗಲೆಲ್ಲ ಪೂರ್ತಿ ನಂಬಿಕೆಯಿಂದಲೇ ಕೊಡುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಅಪ್ಪ ಊರಿಗಾಂನ ಚಿನ್ನದ ಗಣಿಯಲ್ಲಿ ಮೊದಲು ಬಂಡೆ ಕೊರೆಯುತ್ತಿದ್ದ. ಉಸಿರು ಗಿಡ್ಡವಾಗುತ್ತ ಬಂದ ಮೇಲೆ ಅವನನ್ನು ನೀರೆತ್ತುವ ಪಂಪುಗಳ ಕೆಲಸಕ್ಕೆ ಹಾಕಿದರು. ಗಣಿ ಮುಚ್ಚಿತು, ಅದರ ದೂಳು ಮಾತ್ರ ಅಪ್ಪನ ಎದೆಯಲ್ಲೇ ಉಳಿಯಿತು. ಕೊನೆಯ ವರ್ಷ ಅವನನ್ನೂ ಅಮ್ಮನನ್ನೂ ಅಕ್ಕ ತನ್ನ ಮನೆಗೆ ಕರೆಸಿಕೊಂಡಳು. ಅದು ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ದಾರಿಯ ಹಳ್ಳಿ. ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು, ಅದೇ ಜೀವನ. ಅಪ್ಪನ ಮಂಚದ ಪಕ್ಕ ಕರೆಂಟಿನಿಂದ ಓಡುವ ಆಕ್ಸಿಜನ್ ಮಿಷಿನ್ನು. ಕರೆಂಟು ಹೋದರೆ ಇರಲಿ ಎಂದು ಒಂದು ಪುಟ್ಟ ಸಿಲಿಂಡರ್. ನಾನು ಕೋಲಾರದ ಕಾಲೇಜೊಂದರಲ್ಲಿ ಪಾಠ ಹೇಳುವವನು, ರಜೆ ಸಿಕ್ಕಾಗಲೆಲ್ಲ ಅಲ್ಲಿರುತ್ತಿದ್ದೆ.

ನನ್ನ ನೆನಪಿನ ಪ್ರಕಾರ ಆ ಸಂಜೆ ಅಮ್ಮ ಮೊದಲಿನಿಂದಲೂ ದೇವರ ಗೂಡಿನ ಮುಂದೆಯೇ ಇದ್ದಳು. ಗೂಡೆಂದರೆ ಗೋಡೆಯಲ್ಲೊಂದು ಮಾಡ, ಅದರಲ್ಲಿ ತಿರುಪತಿ ಸ್ವಾಮಿಯ ಪಟ, ಪಟದ ಮುಂದೆ ಒಂದು ದೀಪ. ಅಕ್ಕ ಕೊಟ್ಟಿಗೆಯಲ್ಲಿ ಎರಡನೆಯ ಹಸುವಿನ ಹಾಲು ಕರೆಯುತ್ತಿದ್ದಳು. ಕರೆಂಟು ಹೋಯಿತು, ಮಿಷಿನ್ನಿನ ಸದ್ದು ನಿಂತಿತು. ನಾನು ಸಿಲಿಂಡರಿನ ಕೊಳವೆಯನ್ನು ಅಪ್ಪನ ಮೂಗಿಗೆ ಹಿಡಿದೆ. ಗಾಳಿ ಬರುತ್ತಿತ್ತು, ಅದನ್ನು ಎಳೆದುಕೊಳ್ಳುವ ಶಕ್ತಿ ಅಪ್ಪನಲ್ಲಿ ಇರಲಿಲ್ಲ. ಇವತ್ತೋ ನಾಳೆಯೋ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಗ ಅಮ್ಮನ ದನಿ ಕೇಳಿಸಿತು. ಅಕ್ಕ ಬಾಗಿಲಿಗೆ ಬಂದು ನಿಂತಳು. ಅಷ್ಟರಲ್ಲಿ ಮುಗಿದಿತ್ತು.

‘ಚಾಲು’ ನಮ್ಮ ಮನೆಯಲ್ಲಿ ಎರಡು ಬಾಳು ಬಾಳಿದ ಮಾತು. ಅಪ್ಪ ಅದನ್ನು ಪಂಪಿನ ಕೆಲಸದಿಂದ ತಂದಿದ್ದ. ಮೋಟರು ಚಾಲು, ಫ್ಯಾನು ಚಾಲು, ರೇಡಿಯೊ ಚಾಲು. ಓಡುತ್ತಿರುವುದೆಲ್ಲ ಅವನಿಗೆ ಚಾಲು. ಅಮ್ಮ ಕಾಮಸಮುದ್ರದ ಆಚೆ, ಆಂಧ್ರದ ಗಡಿಯ ಹಳ್ಳಿಯವಳು. ಅವಳ ತವರಿನ ತೆಲುಗಿನಲ್ಲಿ ‘ಚಾಲು’ ಎಂದರೆ ಸಾಕು. ತನ್ನ ತಟ್ಟೆಗೆ ಮುದ್ದೆ ಬಿದ್ದಾಗ ಅಪ್ಪನನ್ನು ರೇಗಿಸಲೆಂದೇ ‘ಚಾಲು ಚಾಲು’ ಎನ್ನುತ್ತಿದ್ದಳು. ಅಪ್ಪ, “ಚಾಲು ಅಂದ್ಮೇಲೆ ಇನ್ನೊಂದು ಆಕ್ಬೇಕು ತಾನೆ!” ಎಂದು ಇನ್ನೊಂದು ಮುದ್ದೆ ಹಾಕಲು ಬರುತ್ತಿದ್ದ. ವರ್ಷಗಟ್ಟಲೆ ಇದೇ ಹಾಸ್ಯ. ನಾವು ವರ್ಷಗಟ್ಟಲೆ ನಕ್ಕೆವು.

ತೆಲುಗಿನ ಚಾಲುವಿನಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ, ಸ್ವಲ್ಪ ‘ತ್ಸ’ದ ಹಾಗೆ. ಅಪ್ಪನ ಚಾಲುವಿನಲ್ಲಿ ಹಾಗಿಲ್ಲ. ಅಮ್ಮ ಆ ಸಂಜೆ ಯಾವುದನ್ನು ಅಂದಳು? ನಾನು ಕೇಳಿದೆ, ಕೇಳಿದ ತಕ್ಷಣ ಅರ್ಥ ಮಾಡಿಕೊಂಡೆ: ಮಿಷಿನ್ನು ಚಾಲು ಮಾಡು ಸ್ವಾಮಿ, ಉಸಿರು ಚಾಲು ಮಾಡು. ಅರ್ಥವನ್ನು ಇಟ್ಟುಕೊಂಡ ನನ್ನ ನೆನಪು ಸದ್ದನ್ನು ಚೆಲ್ಲಿಬಿಟ್ಟಿದೆ.

ದೇವರನ್ನು ಬೇಡುವುದರ ಬಗ್ಗೆ ನನ್ನದು ಹಳೆಯ ತಕರಾರು. ವಿಶ್ವವಿದ್ಯಾಲಯದಲ್ಲಿ ಓದುವಾಗ ಅದನ್ನು ಚೆನ್ನಾಗಿ ಮಾತಾಡಲು ಕಲಿತೆ. ಎಲ್ಲ ತಿಳಿದವನಿಗೆ ನಮ್ಮ ಕಷ್ಟ ಹೇಳುವುದೇಕೆ? ಒಳ್ಳೆಯವನಾದರೆ ಕೇಳದೆಯೇ ಕೊಡಬೇಡವೆ? ತೀರ್ಮಾನ ಮೊದಲೇ ಆಗಿದ್ದರೆ ನಮ್ಮ ಬೇಡಿಕೆಯಿಂದ ಬದಲಾಗುವುದೇನು? ತರಗತಿಯಲ್ಲಿ ಈ ಪ್ರಶ್ನೆಗಳನ್ನಿಟ್ಟಾಗ ಹುಡುಗರು ಸುಮ್ಮನಾಗುತ್ತಾರೆ. ಉತ್ತರ ಹೊಳೆಯದೆ ಸುಮ್ಮನಾದರೋ, ಮನೆಯಲ್ಲಿ ಕೈಮುಗಿಯುವ ಅಮ್ಮಂದಿರು ನೆನಪಾಗಿ ಸುಮ್ಮನಾದರೋ, ನಾನು ಕೇಳಿಲ್ಲ.

ಅಮ್ಮನ ಹತ್ತಿರ ಇದೇ ವಾದವನ್ನು ಇನ್ನೊಂದು ದಾರಿಯಿಂದ ಹೂಡಿದ್ದೆ. ಮನೆ ತುಂಬ ಹಾಲು ಮೊಸರು ಇದ್ದರೂ ಅವಳು ಲೋಟ ಹಿಡಿದು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗುತ್ತಿದ್ದಳು. “ಮನೇಲಿರೋದನ್ನ ಯಾಕಮ್ಮ ಇನ್ನೊಬ್ಬರ ಹತ್ರ ಕೇಳ್ತೀಯ?” ಎಂದೆ.

“ನಾವು ಕೇಳ್ದೆ ಇದ್ರೆ ಅವ್ಳು ನಮ್ಮತ್ರ ಕೇಳಾಕೆ ನಾಚ್ಕೊಂತಾಳೆ ಕಣ್ಲಾ.”

“ದೇವರ ಹತ್ರ ಕೇಳೋದೂ ಹಂಗೇನಾ? ಅವನು ನಿನ್ನತ್ರ ಏನು ಕೇಳ್ತಾನೆ?”

“ಅದೆಲ್ಲ ನಿಂಗ್ಯಾಕೆ? ನೀನು ಪೋನೇ ಎತ್ತಲ್ಲ. ಅವನಾದ್ರೆ ಗೂಡಲ್ಲೇ ಇರ್ತಾನೆ.”

ಅಪ್ಪ ಹೋದ ಮೇಲೆ ಅಮ್ಮ ದೇವರ ಗೂಡಿನ ಮುಂದೆ ನಿಲ್ಲುವುದನ್ನು ಬಿಟ್ಟಳು. ಮೊದಮೊದಲು ಸೂತಕ ಎಂದುಕೊಂಡೆವು, ಆಮೇಲೆ ದುಃಖ ಎಂದುಕೊಂಡೆವು. ದೀಪವನ್ನು ಅಕ್ಕನೇ ಹಚ್ಚುತ್ತಿದ್ದಳು. ಅಮ್ಮ ಆ ಹೊತ್ತಿಗೆ ಕೊಟ್ಟಿಗೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಗಿತ್ತು, ಕೊನೆಗೂ ಅಮ್ಮನಿಗೆ ತಿಳಿಯಿತು ಎಂದು. ಅವಳ ಮುಖ ನೋಡಿದಾಗ ಮಾತ್ರ ಆ ಸಮಾಧಾನ ನಿಲ್ಲುತ್ತಿರಲಿಲ್ಲ. ಏನನ್ನೋ ತಿಳಿದುಕೊಂಡ ಮುಖ ಅದಲ್ಲ. ಮಾತು ಬಿಟ್ಟವರ ಮನೆ ಮುಂದೆ ದಿನಾ ಹಾದುಹೋಗುವವರ ಮುಖ.

ಕಾರಣ ತಿಳಿದದ್ದು ಈ ವರ್ಷ, ಅಕ್ಕನ ಮಗಳ ಹೆರಿಗೆ ಹತ್ತಿರ ಬಂದಾಗ. ಮಗು ಅಡ್ಡ ಮಲಗಿದೆ, ಹುಡುಗಿಗೆ ರಕ್ತ ಕಡಿಮೆ, ಆಪರೇಷನ್ನೇ ಮಾಡಬೇಕು ಎಂದಿದ್ದರು. ಅಮ್ಮ ಅಂಗಳದಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅಕ್ಕ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

“ಅಮ್ಮಾ, ಸಾಮಿ ಮುಂದೆ ನಿಂತು ಒಂದ್ಮಾತು ಏಳು. ನೀನು ಕೇಳಿದ್ರೆ ಆಯ್ತದೆ.”

“ಆಯ್ತದೆ. ಅದ್ಕೇ ಕೇಳಲ್ಲ.”

“ಅಂಗಂದ್ರೆ?”

“ನೀನೇ ಕೇಳು. ನಿಂಗೂ ಬಾಯೈತೆ.”

“ನನ್ ಬಾಯಿ ಅಸುಗಳ್ನ ಬಯ್ಯಾಕೆ ಸರಿ. ಸಾಮಿ ಕೇಳ್ಸ್ಕೊಳ್ಳಾದು ನಿನ್ ಮಾತೇ.”

ಅಮ್ಮ ಜರಡಿ ಕೆಳಗಿಟ್ಟಳು. “ಅವತ್ತು ಚಾಲು ಅಂದೆ. ಅಂದ ಬಾಯಿ ಮುಚ್ಚಾಕ್ಮುಂಚೆ ಮನೆಯೆಲ್ಲ ಕತ್ಲಾಯ್ತು, ಮಿಷಿನ್ನು ನಿಂತೋಯ್ತು. ಕೇಳ್ದೆ, ಕೊಟ್ಬುಟ್ಟ. ನನ್ ಬಾಯಿಂದ ಮಗೀಗೆ ಏನೂ ಬ್ಯಾಡ.”

ಇಷ್ಟು ವರ್ಷ ಅವಳು ಇದನ್ನು ಹೊತ್ತುಕೊಂಡು ಹಸುಗಳ ಮೈ ತೊಳೆದಿದ್ದಳು, ಮುದ್ದೆ ಕಟ್ಟಿದ್ದಳು, ನಮ್ಮ ಜೊತೆ ಕೂತು ಉಂಡಿದ್ದಳು. ನಾನು ಆತುರಪಟ್ಟೆ.

“ಇಲ್ಲಮ್ಮ, ಕರೆಂಟು ಹೋಗಿದ್ದು ಮೊದ್ಲು. ನೀನಂದಿದ್ದು ಆಮೇಲೆ. ಮಿಷಿನ್ನು ಚಾಲು ಮಾಡು ಅಂತ ತಾನೆ ನೀನು ಕೇಳಿದ್ದು?”

“ಯಾವ ಮಿಷಿನ್ಲಾ? ಅದು ನಮ್ಮಮ್ಮನ ಮನೆ ಚಾಲು. ಸಾಕು ಸಾಮೀ, ಇವನ ಕಷ್ಟ ನೋಡಾಕಾಗಲ್ಲ, ಸಾಕು ಅಂತ.”

“ಸ್ವಾಮಿಗೆ ಕೇಳ್ಸಿದ್ದು ಅಪ್ಪನ ಚಾಲೂ ಆಗಿರಬಹುದಲ್ಲ?”

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. “ಏನ್ಲಾ ಓದಿರೋನೇ, ಸಾಮೀನೇ ಇಲ್ಲ ಅಂತೀಯ. ಇಲ್ದೆ ಇರೋನು ಯಾವ ಬಾಸೇಲಿ ಕೇಳ್ಸ್ಕೊಂಡ ಅಂತ ಜಗ್ಳ ಆಡ್ತೀಯಲ್ಲ!”

ಅಮ್ಮನ ತುಟಿಯ ಒಂದು ಕೊನೆ ಅಲುಗಿತು. ನಗು ಬರಲಿಲ್ಲ. ಜರಡಿ ಎತ್ತಿಕೊಂಡಳು.

ಅಕ್ಕ ಹೇಳಿದ್ದು ಸರಿಯಾಗಿತ್ತು. ದೇವರಿಲ್ಲ ಎಂದು ಸಾಧಿಸಿದರೆ ಅಮ್ಮನ ಪ್ರಾರ್ಥನೆ ಅಪ್ಪನನ್ನು ಕೊಲ್ಲಲಿಲ್ಲ ಎಂದಾಗುತ್ತದೆ. ಆದರೆ ಆಗ ಅವಳು ಯಾರ ಮುಂದೆಯೂ ನಿಂತಿರಲಿಲ್ಲ ಎಂದೂ ಆಗುತ್ತದೆ. ಈ ಎರಡನೆಯದನ್ನು ಅವಳ ಕೈಗಿಡಲು ನನಗೆ ಧೈರ್ಯವಾಗಲಿಲ್ಲ. ಉಳಿದದ್ದು ಕ್ರಮ ಒಂದೇ. ಕರೆಂಟು ಮೊದಲೋ, ಮಾತು ಮೊದಲೋ? ಅಕ್ಕನನ್ನು ಬೇರೆಯಾಗಿ ಕೇಳಿದೆ. “ಕರೆಂಟೇ ಮೊದ್ಲು” ಎಂದಳು, ತೀರಾ ಬೇಗ. ಅಮ್ಮನನ್ನು ಉಳಿಸಿಕೊಳ್ಳಲು ಅವಳಿಗೂ ಆ ಉತ್ತರ ಬೇಕಾಗಿತ್ತು. ನನಗೂ ಬೇಕಾಗಿತ್ತು. ಬೇಕಾದ ನೆನಪನ್ನು ಸಾಕ್ಷಿಯೆಂದು ಹೇಗೆ ಒಪ್ಪಲಿ?

ಊರಿಗಾಂನಲ್ಲಿ ನಾವು ಮೊದಲಿದ್ದ ಗಣಿಯ ಲೈನುಮನೆಯ ಬಾಗಿಲು ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಯಿತು. ಅಪ್ಪ ಪಾಳಿಗೆ ಹೊರಡುವಾಗ “ಬತ್ತೀನಿ” ಎನ್ನುತ್ತಿದ್ದ. ಅಮ್ಮ ಹೊಸಿಲೊಳಗೆ ನಿಂತು “ಬಾ” ಎನ್ನುತ್ತಿದ್ದಳು. ಪಕ್ಕದ ಮನೆಯ ತಮಿಳರು “ಪೋಯಿಟ್ಟು ವರೇನ್” ಎನ್ನುತ್ತಿದ್ದರು, ಎದುರು ಮನೆಯ ತೆಲುಗರು “ಪೋಯೊಸ್ತಾ” ಎನ್ನುತ್ತಿದ್ದರು, ಎರಡಕ್ಕೂ ಹೋಗಿ ಬರುತ್ತೇನೆ ಎಂದೇ ಅರ್ಥ. ಭೂಮಿಯೊಳಕ್ಕೆ ಇಳಿಯುವ ಗಂಡಸರಲ್ಲಿ ಒಬ್ಬನೂ ಬರೀ ‘ಹೋಗುತ್ತೇನೆ’ ಎಂದದ್ದನ್ನು ನಾನು ಕೇಳಿಲ್ಲ. ಅದೇ ಆ ಸಾಲಿನ ಮನೆಗಳ ಪ್ರಾರ್ಥನೆ ಇರಬಹುದು ಎಂದು ಈಗ ಅನ್ನಿಸುತ್ತದೆ. ಯಾರೂ ಕಣ್ಣು ಮುಚ್ಚುತ್ತಿರಲಿಲ್ಲ, ಯಾರೂ ವಿವರಿಸುತ್ತಿರಲಿಲ್ಲ. ಬಾ ಎಂದ ಮಾತ್ರಕ್ಕೆ ಎಲ್ಲರೂ ಬರಲಿಲ್ಲ. ಬಾರದವರ ಮನೆಯ ಹೆಂಗಸರು ಮುಂದೆ ಮಗ ಪಾಳಿಗೆ ಹೊರಟಾಗಲೂ ಅದೇ ಹೊಸಿಲಲ್ಲಿ ನಿಂತು ‘ಬಾ’ ಎಂದರು. ಇದು ವಾದವಲ್ಲ ಎಂದು ನನಗೆ ಗೊತ್ತಿದೆ. ವಾದವಾಗಿದ್ದರೆ ಅವರು ಎಂದೋ ನಿಲ್ಲಿಸಿಬಿಡುತ್ತಿದ್ದರು.

ಆಪರೇಷನ್ ಕೆಜಿಎಫ್‌ನ ಒಂದು ಆಸ್ಪತ್ರೆಯಲ್ಲಿ. ಮೊಗಸಾಲೆಯ ಕಿಟಕಿಯಿಂದ ಗಣಿಯ ಮಣ್ಣಿನ ಗುಡ್ಡಗಳು ಬಿಸಿಲಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಅಮ್ಮ ಬಂದಿದ್ದಳು, ಆದರೆ ಗೋಡೆಗೆ ಒರಗಿ ದೂರ ಕುಳಿತಿದ್ದಳು. ಹಸಿರು ಬಟ್ಟೆ ಉಡಿಸಿ, ತಳ್ಳುವ ಮಂಚದ ಮೇಲೆ ಅಕ್ಕನ ಮಗಳನ್ನು ತಂದರು. ಹುಡುಗಿ ಹೆದರಿದ್ದಳು. ತಾಯಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ತಲೆಯೆತ್ತಿ ಅಜ್ಜಿಯನ್ನು ಹುಡುಕಿದಳು.

“ಅವ್ವಾ, ಬತ್ತೀನಿ.”

ನರ್ಸು ಮಂಚ ತಳ್ಳಿದಳು. ಗಾಲಿ ಉರುಳಿತು. ಹುಡುಗಿ ಕತ್ತು ತಿರುಗಿಸಿಯೇ ಇದ್ದಳು. ಬಾಗಿಲು ಮುಚ್ಚಿಕೊಳ್ಳುವಾಗ ಅಮ್ಮ ಎದ್ದಳು.

“ಬಾ,” ಎಂದಳು. ದನಿ ಸಾಲಲಿಲ್ಲ ಎನ್ನಿಸಿತೇನೋ, ಇನ್ನೊಮ್ಮೆ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು. “ಬಾರೇ!”

ಆಮೇಲೆ ಅವಳು ಕೂರಲಿಲ್ಲ. ಬಾಗಿಲ ಪಕ್ಕದ ಬರಿಗೋಡೆಗೆ ಮುಖ ಮಾಡಿ ನಿಂತಳು. ಅಲ್ಲಿ ಪಟವಿರಲಿಲ್ಲ, ದೀಪವಿರಲಿಲ್ಲ. ತುಟಿ ಅಲುಗುತ್ತಿತ್ತು. ನಾನು ಮೆಲ್ಲಗೆ ಹತ್ತಿರ ಹೋದೆ. ಯಾವ ಭಾಷೆಯಲ್ಲಿ ಕೇಳುತ್ತಿದ್ದಾಳೆ, ಏನು ಕೇಳುತ್ತಿದ್ದಾಳೆ, ಈ ಸಲವಾದರೂ ಸದ್ದನ್ನು ಚೆಲ್ಲದೆ ಹಿಡಿದುಕೊಳ್ಳೋಣ ಎಂದು.

ಅವಳು ತಿರುಗದೆಯೇ ಹೇಳಿದಳು. “ಅತ್ಲಾಗೋಗ್ಲಾ. ನಿನ್ನತ್ರ ಕೇಳ್ತಿಲ್ಲ.”

ತಾಯಿ ಮಗು ಇಬ್ಬರೂ ಬಂದರು. ಹೆಣ್ಣು ಮಗು. ಅದಕ್ಕೂ ಅಮ್ಮ ಗೋಡೆಗೆ ಹೇಳಿದ ಮಾತಿಗೂ ಸಂಬಂಧವಿದೆ ಎಂದು ನಾನು ಬರೆಯಲಾರೆ. ಆಕೆ ಮತ್ತೆ ಕೇಳಿದಳು ಎಂದು ಮಾತ್ರ ಬರೆಯಬಲ್ಲೆ. ತನ್ನ ಬಾಯಿಯ ಮೇಲಿನ ಭಯ ಹೋದ ಮೇಲೆ ಕೇಳಿದ್ದಲ್ಲ. ಭಯವನ್ನು ಇಟ್ಟುಕೊಂಡೇ ಕೇಳಿದಳು. ಯಾರೂ ಅವಳಿಗೆ ಪುರಾವೆ ತಂದುಕೊಟ್ಟಿರಲಿಲ್ಲ.

ಪುರಾವೆ ಸಿಕ್ಕಿದ್ದು ಆಮೇಲೆ. ಬಾಣಂತಿಯನ್ನು ಮನೆಗೆ ತಂದ ಮೇಲೆ ಒಂದು ದಿನ ಅಮ್ಮ ಲೋಟ ಕೊಟ್ಟು, “ಪಕ್ಕದ್ಮನೇಲಿ ಎಪ್ಪು ಇಸ್ಕೊಂಬಾ” ಎಂದು ನನ್ನನ್ನು ಅಟ್ಟಿದಳು. ಪಕ್ಕದ ಮನೆಯಾಕೆ ಹೆಪ್ಪು ಹಾಕಿಕೊಡುತ್ತ ನಕ್ಕಳು.

“ನಿಮ್ಮ ತಂದೆಯವ್ರು ಓದ ದಿನ ನಿಮ್ಮನೆ ಹಾಲಿಗೆ ನಾನೇ ಎಪ್ಪಾಕಿದ್ದೆ, ಗೊತ್ತಾ? ಸಾವಿನ ಮನೆಗೆ ಎಂಗ್ ತಂದ್ಕೊಡ್ಲಿ?”

“ನಮ್ಮನೆ ಹಾಲು ನಿಮ್ಮ ಹತ್ರ ಹೇಗೆ ಬಂತು?”

“ನಿಮ್ಮಮ್ಮ ಡೈರಿ ತಾವ ಕ್ಯಾನ್ ಬುಟ್ಟು ಓಡೋದ್ರಲ್ಲ! ಕರೆಂಟ್ ಓದೇಟ್ಗೆ ‘ಅಯ್ಯೋ ಮಿಷಿನ್ನು’ ಅಂದ್ರು, ಚಪ್ಲೀನೂ ಬುಟ್ಟು ಓಡಿದ್ರು. ಆ ಕ್ಯಾನ್ ನಾನೇ ಎತ್ಕೊಂಬಂದೆ.”

ನನ್ನ ನೆನಪಿನಲ್ಲಿ ಅಮ್ಮ ಆ ಸಂಜೆ ಮನೆ ಬಿಟ್ಟು ಹೋಗಿಯೇ ಇರಲಿಲ್ಲ. ಅಮ್ಮನ ನೆನಪಿನಲ್ಲೂ ಇಲ್ಲ. ಅಕ್ಕ ಕೊಟ್ಟಿಗೆಯಲ್ಲಿದ್ದವಳು, ಅವಳಿಗೂ ನೆನಪಿರಲಿಲ್ಲ. ಈಕೆಯೂ ನಮ್ಮ ಹಾಗೆಯೇ ತಪ್ಪಿರಬಹುದಲ್ಲ ಎನ್ನಿಸಿ, ಮಾರನೆಯ ಬೆಳಿಗ್ಗೆ ಡೈರಿಗೆ ಹೋದೆ. ಹಾಲು ಅಳೆಯುವವನಿಗೆ ಕರೆಂಟಿನ ಸುದ್ದಿ ಎತ್ತದೆ, ಅಪ್ಪ ತೀರಿಕೊಂಡ ಸಂಜೆ ಏನಾದರೂ ನೆನಪಿದೆಯೇ ಎಂದಷ್ಟೇ ಕೇಳಿದೆ. ಅವನು ಹಾಲು ಪರೀಕ್ಷಿಸುವ ಯಂತ್ರವನ್ನು ತೋರಿಸಿದ. ಅಮ್ಮನ ಹಾಲನ್ನು ಅದಕ್ಕೆ ಹಾಕಿದಾಗಲೇ ಅದು ನಿಂತುಹೋಯಿತಂತೆ. ತಲೆ ಎತ್ತಿದರೆ ಕ್ಯಾನ್ ಇತ್ತು, ಅಮ್ಮ ಇರಲಿಲ್ಲ.

ಕರೆಂಟು ಹೋದಾಗ ಅಮ್ಮ ಸ್ವಾಮಿಯ ಮುಂದೆ ಇರಲಿಲ್ಲ. ಡೈರಿಯ ಮುಂದೆ, ಹಾಲಿನ ಸಾಲಿನಲ್ಲಿ ನಿಂತಿದ್ದಳು.