ಭರಣಿಯ ಬಾಯಿ ಬಿಗಿದ ಮೇಲೆ

ರಿಪ್ಪನ್‌ಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಅಪ್ಪ ಬೇಕರಿ ಇಟ್ಟಿದ್ದರು. ಅರವತ್ತರ ದಶಕದ ಮೊದಲ ವರ್ಷಗಳು ಅವು. ಬ್ರೆಡ್ಡೆಂದರೆ ಜ್ವರ ಬಂದವರ ಊಟ ಎಂದೇ ಜನ ತಿಳಿದಿದ್ದ ಕಾಲ. ಊರಿಗೆ ಜ್ವರ ಬಂದರೆ ನಮಗೆ ಅನ್ನ ಎಂದು ನಾನು ನಗುತ್ತಿದ್ದೆ, ಅಮ್ಮ ಗದರುತ್ತಿದ್ದಳು.

ಹಿಟ್ಟು ಉಬ್ಬಲು ಅಪ್ಪ ಬಳಸುತ್ತಿದ್ದುದು ಬಗನಿ ಮರದ ಕಳ್ಳು. ಮಂಗಳೂರಿನ ಬೇಕರಿಯಲ್ಲಿ ಅವರು ಕೆಲಸ ಕಲಿತದ್ದೇ ಹಾಗೆ. ಕಳ್ಳಿಗೆ ಮೈದಾ, ಬೆಲ್ಲದ ನೀರು ಸೇರಿಸಿ, ಅಗಲ ಬಾಯಿಯ ಪಾತ್ರೆಯಲ್ಲಿಟ್ಟು, ತೆಳುಬಟ್ಟೆ ಮುಚ್ಚಿ, ಹೋಗುವಾಗ ಬರುವಾಗೆಲ್ಲ ಸೌಟಿನಿಂದ ಕಡೆಯುತ್ತಿದ್ದರು. ಇದಕ್ಕೆ ಹುಳಿ ಎನ್ನುತ್ತಿದ್ದರು. ನೊರೆಯೆದ್ದ ಆ ಹುಳಿ ಬಿದ್ದರೆ ಎಂಥ ಹಿಟ್ಟೂ ಏಳುತ್ತಿತ್ತು. ಆದರೆ ಕಳ್ಳಿನ ಮಾತು ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ, ಏಕೆಂದರೆ ಗಿರಾಕಿಗಳಲ್ಲಿ ಹೆಚ್ಚಿನವರು ಅದರ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವವರು.

ಒಂದು ಬೆಳಿಗ್ಗೆ ಹುಂಚದ ಬಸ್ಸಿನಿಂದಿಳಿದ ಜೈನರ ಮನೆಯ ಹಿರಿಯರೊಬ್ಬರು ಮೊಮ್ಮಗಳಿಗೆಂದು ಬ್ರೆಡ್ ಕೊಳ್ಳಲು ಬಂದರು. ಒಳಗಿನಿಂದ ಬಂದ ವಾಸನೆಗೆ ಅವರ ಮೂಗು ಚುರುಕಾಯಿತು.

“ಇದಕ್ಕೆ ಎಂತ ಹಾಕ್ತೀರಿ?”

“ಮೈದಾ, ಸಕ್ರೆ, ಉಪ್ಪು. ಬೇರೆ ಎಂತದೂ ಇಲ್ಲ” ಎಂದರು ಅಪ್ಪ.

ಹಿರಿಯರು ನಂಬಿ ಕೊಂಡುಹೋದರು. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರೇನೋ, ನಂಬಿದ್ದು ಅವರನ್ನು ತಿಂದುಹಾಕಿತು. ಅಂದೇ ಹುಳಿಯನ್ನು ಕಿರಿದಾದ ಬಾಯಿಯ ಭರಣಿಗೆ ಸುರಿದು, ಎಣ್ಣೆಬಟ್ಟೆ ಸುತ್ತಿ, ಹುರಿಯಿಂದ ಬಿಗಿದರು. ಕಡೆಯುವುದೂ ನಿಂತಿತು. ಒಳಗೆ ಗ್ಯಾಸು ತುಂಬಿದಾಗ ಹಿತ್ತಲಿಗೆ ಒಯ್ದು ಸಡಿಲಿಸುವುದು, ಮತ್ತೆ ಬಿಗಿಯುವುದು.

ಅಂಗಡಿಯಲ್ಲಿ ವಾಸನೆ ಅಡಗಿತು, ಬ್ರೆಡ್ಡೂ ಕುಗ್ಗಿತು. ಹುಳಿಗೆ ಹಸಿವೆಂದುಕೊಂಡು ಅಪ್ಪ ಇನ್ನಷ್ಟು ಬೆಲ್ಲ ಸುರಿದರು. ಸುರಿದ ಬೆಲ್ಲವೆಲ್ಲ ಮಾಯ, ಹಿಟ್ಟು ಮಾತ್ರ ಏಳಲೊಲ್ಲದು. ಭರಣಿ ಬಿಚ್ಚಿದರೆ ಘಾಟು ನೆತ್ತಿಗೇರುತ್ತಿತ್ತು. ಸತ್ವ ಇದೆಯೋ ಇಲ್ಲವೋ ನೋಡಲು ಅಪ್ಪ ಮೇಲಿನ ತಿಳಿಗೆ ಬೆರಳದ್ದಿ ನೆಕ್ಕುತ್ತಿದ್ದರು. ಅದುವರೆಗೆ ಒಂದು ತೊಟ್ಟೂ ಕುಡಿದವರಲ್ಲ. ಬೆರಳು ಹೋಗಿ ಚಮಚ ಬಂತು, ಚಮಚ ಹೋಗಿ ಲೋಟ ಬಂತು.

“ಹುಳಿ ನೋಡಕ್ಕೆ ಲೋಟ ಎಂತಕ್ಕೆ?” ಎಂದು ಅಮ್ಮ ಒಮ್ಮೆ ಕೇಳಿದಳು. ಅಪ್ಪ ಬೆನ್ನು ತಿರುಗಿಸಿದರು.

ಇಟ್ಟಿಗೆಯಂಥ ಬ್ರೆಡ್ಡನ್ನು ಜ್ವರದವರೂ ಒಲ್ಲೆಂದರು. “ನನ್ನ ಕೈಗುಣ ಹೋಯ್ತು” ಎನ್ನುತ್ತ ಅಪ್ಪ ಅಂಗಡಿ ಮುಚ್ಚಿದರು. ಅಮ್ಮ ಅಡಿಕೆ ಸುಲಿಯಲು ಹೋಗತೊಡಗಿದಳು. ಭರಣಿ ಮಾತ್ರ ಉಳಿಯಿತು. ಅದರಿಂದ ಇನ್ನು ಬ್ರೆಡ್ ಆಗಬೇಕಾಗಿರಲಿಲ್ಲ. ಆ ಭರಣಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮುಂದೆ ನಾನು ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜು ಸೇರಿದೆ. ಒಂದು ದಿನ ಮೇಷ್ಟ್ರು ಕಳ್ಳನ್ನು ಹುಳಿಸುವ, ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ಪಾಠ ಮಾಡಿದರು. ಆಮ್ಲಜನಕ ಸಿಕ್ಕರೆ ಅದು ಸಕ್ಕರೆಯನ್ನು ಹಿತಮಿತವಾಗಿ ತಿಂದು, ಪೂರ್ತಿ ಅರಗಿಸಿಕೊಂಡು, ಚೆನ್ನಾಗಿ ಬೆಳೆಯುತ್ತದಂತೆ. “ಗಾಳಿ ಇಲ್ದಿದ್ರೆ ಸಾಯೋದಿಲ್ಲ, ಗಬಗಬ ತಿನ್ನುತ್ತೆ. ಆದ್ರೆ ತಿಂದದ್ದು ಮೈಗೆ ಹತ್ತಲ್ಲ. ಸಕ್ಕರೆಯೆಲ್ಲ ಹೆಂಡ ಆಗುತ್ತೆ” ಎಂದರು. ತರಗತಿಯೆಲ್ಲ ನಕ್ಕಿತು. ನನಗೆ ಎಣ್ಣೆಬಟ್ಟೆ ಬಿಗಿದ ಆ ಭರಣಿ ಕಂಡಿತು.

ರಜೆಗೆ ಊರಿಗೆ ಹೋದವಳು ಚೀಲ ಇಳಿಸುವ ಮೊದಲೇ ಅಪ್ಪನ ಎದುರು ಕೂತೆ. ಮಧ್ಯಾಹ್ನಕ್ಕೇ ಅವರ ಕಣ್ಣು ಕೆಂಪಾಗಿತ್ತು. ಕೈಗುಣ ಹೋದದ್ದಲ್ಲ, ಹುಳಿಗೆ ಗಾಳಿ ಸಿಗದೆ ಹೋದದ್ದು ಎಂದು ತಿಳಿದರೆ ಆ ಮನುಷ್ಯನ ಎದೆ ಹಗುರಾದೀತು, ಮತ್ತೆ ಒಲೆ ಹೊತ್ತಿಸಿಯಾರು ಎಂಬ ಆಸೆ ನನಗೆ. ಕಲಿತದ್ದನ್ನೆಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

“ಹಂಗಾದ್ರೆ ಬಾಯಿ ತೆರೆದಿಟ್ಟಿದ್ರೆ ಬ್ರೆಡ್ ಏಳ್ತಿತ್ತಾ?”

“ಏಳ್ತಿತ್ತು ಅಪ್ಪ.”

“ವಾಸ್ನೆನೂ ಬರ್ತಿತ್ತಲ್ಲ ಮಗಾ. ಆಗ್ಲೂ ಅಂಗಡಿ ಮುಚ್ಬೇಕಿತ್ತು.”

ಅಪ್ಪ ಲೋಟ ತೆಗೆದುಕೊಂಡು ಹಿತ್ತಲಿಗೆ ಹೋದರು.