ನೀಲಿ ಪೆನ್ಸಿಲಿನಲ್ಲಿ ಉಳಿದ ಅಂಚೆಯಣ್ಣ

ಮೂಳೆ ಮೇಷ್ಟ್ರು ತೀರಿಕೊಂಡದ್ದು ಮನೆಯವರನ್ನು ಬಿಟ್ಟರೆ ಮೊದಲು ಗೊತ್ತಾದದ್ದು ಸಗಟು ಮಾರುಕಟ್ಟೆಯ ಹಮಾಲರಿಗೆ. ಆ ಮಂಗಳವಾರ ಬೆಳಗಿನ ಐದು ಗಂಟೆಗೆ ಎಂದಿನಂತೆ ಲಾರಿಗಳು ಬಂದು ನಿಂತಿದ್ದವು, ಮೂಟೆಗಳು ಇಳಿಯುತ್ತಿದ್ದವು. ತೂಕದ ಯಂತ್ರದ ಪಕ್ಕದ ಮೆಟ್ಟಿಲು ಮಾತ್ರ ಖಾಲಿ ಇತ್ತು. ಇಪ್ಪತ್ತಾರು ವರ್ಷ ಆ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಹಮಾಲರ ಬೆನ್ನು ಭುಜಗಳನ್ನು ಬರೆಯುತ್ತಿದ್ದ ಮನುಷ್ಯ ಬಂದಿರಲಿಲ್ಲ. ಹಿರಿಯ ಹಮಾಲ ಎರಡು ಲಾರಿ ಖಾಲಿಯಾಗುವವರೆಗೆ ಕಾದ. ಆಮೇಲೆ ತಲೆಯ ಸಿಂಬಿ ಬಿಚ್ಚಿ, ಆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಎರಡು ಬೀದಿ ಆಚೆಗಿನ ಮನೆಗೆ ನಡೆದ. ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದಂತಿದ್ದರು. ಅವರ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು ಗಂಡನ ಬೆರಳಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

ನನ್ನನ್ನು ಕರೆದುಕೊಂಡು ಬಂದವನೂ ಆ ಹಮಾಲನೇ. ಮೇಷ್ಟ್ರು ಚಿತ್ರ ಬರೆಯುತ್ತಿದ್ದ ವಾರಪತ್ರಿಕೆಯಲ್ಲಿ ನಾನು ಬಹಳ ವರ್ಷ ಕರಡು ತಿದ್ದಿ ನಿವೃತ್ತನಾದವನು. ಆದ್ದರಿಂದ ಕಚೇರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂಬತ್ತು ಗಂಟೆಗೆ ಫೋನು ಮಾಡಿದೆ. ಆ ಕಡೆಯಿಂದ ಸಂಪಾದಕರು, "ಅಯ್ಯೋ ಪಾಪ" ಎಂದರು. ಅದೇ ಉಸಿರಿನಲ್ಲಿ ಕೇಳಿದರು: "ಈ ವಾರದ ಪುಟ ಮುಗಿಸಿದ್ರಂತಾ?"

ಕೋಪ ಪಾಪವೆಂದು ನಂಬಿ ಬದುಕಿದವನು ನಾನು. ಅಂದಿನಿಂದ ಪ್ರತಿ ಮುಂಜಾನೆ ಕೈಮುಗಿದು, ಈ ಕೋಪವನ್ನು ಇಳಿಸು ಎಂದು ಬೇಡುತ್ತಿದ್ದೇನೆ. ಇಳಿದಿಲ್ಲ. ಏಕೆ ಇಳಿದಿಲ್ಲವೆಂದು ಓದುಗರೇ ಕೇಳಿ.

ನಿಮ್ಮಲ್ಲಿ ಅನೇಕರು ಚಿಕ್ಕವರಿದ್ದಾಗ ಆ ಪತ್ರಿಕೆಯ ಕೊನೆಯ ಪುಟವನ್ನೇ ಮೊದಲು ತೆರೆದವರು. ಅಲ್ಲಿ ಚಿತ್ರಕಥೆಯ ಕುಂಟ ಅಂಚೆಯಣ್ಣ ಇರುತ್ತಿದ್ದ. ಕಾಗದಗಳ ಚೀಲ ಹೊತ್ತು, ತಪ್ಪು ವಿಳಾಸಗಳ ಜಾಡು ಹಿಡಿದು ಊರೂರು ಅಲೆಯುವ ಅಂಚೆಯಣ್ಣ. ಪುಟಕ್ಕೆ ಆರು ಚೌಕ, ಮೂವತ್ತನಾಲ್ಕು ವರ್ಷ, ಒಂದು ವಾರವೂ ತಪ್ಪಿಲ್ಲ. ಲೆಕ್ಕ ಹಾಕಿದರೆ ಹತ್ತು ಸಾವಿರ ಚೌಕ ದಾಟುತ್ತದೆ. ಪ್ರತಿಯೊಂದರಲ್ಲೂ ಅಂಚೆಯಣ್ಣನನ್ನು ಮೇಷ್ಟ್ರು ಮೊದಲು ಬಟ್ಟೆಯಿಲ್ಲದೆ ಬರೆಯುತ್ತಿದ್ದರು. ಬೆನ್ನುಮೂಳೆ, ಸೊಂಟ, ಗಿಡ್ಡಾದ ಎಡಗಾಲಿನ ಮೇಲೆ ಬೀಳುವ ಭಾರ, ಆ ಭಾರ ತಪ್ಪಿಸಲು ಏರುವ ಬಲ ಭುಜ, ಇಷ್ಟೂ ಸರಿಯಾದ ಮೇಲೆ ಅದರ ಮೇಲೆ ಅಂಗಿ, ಟೋಪಿ, ಚೀಲ. ಹೆಬ್ಬೆರಳಷ್ಟು ಎತ್ತರದ ಗೊಂಬೆಗೆ ಇಷ್ಟೆಲ್ಲ ಯಾಕೆ ಮಾರಾಯರೇ ಎಂದು ನಾನೊಮ್ಮೆ ಕೇಳಿದ್ದೆ. "ಅವನು ನಡೀಬೇಕಲ್ಲ ಸ್ವಾಮಿ" ಎಂದಿದ್ದರು, ತಲೆ ಎತ್ತದೆ.

ಇದನ್ನು ಕಲಿಯಲೆಂದೇ ದಿನವೂ ಮಾರುಕಟ್ಟೆಗೆ ಹೋಗುತ್ತಿದ್ದರು. ಒಂದು ಬೆಳಗಿಗೆ ಹನ್ನೆರಡು ದೇಹ, ಒಂದೊಂದಕ್ಕೆ ಮೂರು ನಿಮಿಷ, ಏಕೆಂದರೆ ಮೂಟೆ ಹೊತ್ತವನು ಅದಕ್ಕಿಂತ ಹೆಚ್ಚು ನಿಲ್ಲಲಾರ. ಅಲ್ಲಿ ಸಿಗದ ಭಂಗಿಗಳಿಗೆ ಮನೆಯಲ್ಲಿ ಹೆಂಡತಿ ಇದ್ದರು.

"ಈ ಮನೇಲಿ ನಾನು ರಾಜ ಆಗಿದ್ದೀನಿ, ಕಳ್ಳ ಆಗಿದ್ದೀನಿ, ಒಂದ್ಸಲ ಗೋಡೆಗೆ ಮೈ ಉಜ್ಜೋ ಎಮ್ಮೆನೂ ಆಗಿದ್ದೀನಿ ಅಣ್ಣಾ" ಎನ್ನುತ್ತಾರೆ ಆಕೆ. "ಪೊರಕೆ ಎತ್ತಿ ಹಿಡ್ಕೊಂಡು ನಿಂತಿರ್ತಿದ್ದೆ, ಅದು ಕತ್ತಿ. ಒಲೆ ಮೇಲೆ ಹಾಲು ಉಕ್ತಾ ಇದ್ರೂ, ಕೈ ಮಾತ್ರ ಇಳಿಸ್ಬೇಡ ಕಣೇ ಅನ್ನೋರು. ಎಷ್ಟು ಸಲ ಬೈದಿದ್ದೀನೋ."

ಮಾತು ನಡೆಯುತ್ತಿರುವಾಗಲೂ ಆಕೆಯ ಕೈ ಸುಮ್ಮನಿರುವುದಿಲ್ಲ. ಕುಂಚಗಳನ್ನು ತೊಳೆದು, ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಡಬ್ಬಿಯಲ್ಲಿ ನಿಲ್ಲಿಸುತ್ತಾರೆ. ಇನ್ನು ಯಾರೂ ಬಳಸದ ಕುಂಚಗಳು. ಅಂಚೆಯಣ್ಣನ ಮಾತುಗಳನ್ನು ಅಷ್ಟೂ ವರ್ಷ ಚೌಕಗಳೊಳಗೆ ದುಂಡಗೆ ಬರೆದ ಅಕ್ಷರವೂ ಆಕೆಯದೇ. ಇದು ನನಗೇ ಗೊತ್ತಾದದ್ದು ಮೊನ್ನೆ. ಇಪ್ಪತ್ತು ವರ್ಷ ಆ ಅಕ್ಷರಗಳ ಕರಡು ತಿದ್ದಿದ ನಾನು ಯಾರ ಕೈಯದೆಂದು ಒಮ್ಮೆಯೂ ಕೇಳಲಿಲ್ಲ. ಬೈಸಿಕೊಳ್ಳಬೇಕಾದವರ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಮೇಷ್ಟ್ರ ಒಂದೇ ಕೈ ಮೂರು ಕೆಲಸ ಮಾಡುತ್ತಿತ್ತು. ಮೂರು ಕಡೆಯೂ ಅದನ್ನು ಅರ್ಧಕ್ಕೆ ಕತ್ತರಿಸಿದರು. ಕಲಾಶಾಲೆಯಲ್ಲಿ ಅವರು ದೇಹರಚನೆ ಬರೆಯಲು ಕಲಿಸುತ್ತಿದ್ದರು. ಮೂಳೆ ಮೇಷ್ಟ್ರು ಎಂಬ ಹೆಸರು ಬಿದ್ದದ್ದೂ ಅಲ್ಲೇ. ಹತ್ತೊಂಬತ್ತು ವರ್ಷ ತಾತ್ಕಾಲಿಕ ಶಿಕ್ಷಕರಾಗಿಯೇ ಇಟ್ಟುಕೊಂಡಿದ್ದರು. ಮಕ್ಕಳ ಪುಟಕ್ಕೆ ಬರೆಯುವ ವಿಷಯ ವಿದ್ಯಾರ್ಥಿಗಳ ಮುಂದೆ ಎತ್ತಬೇಡಿ, ಶಾಲೆಯ ಮರ್ಯಾದೆ ಪ್ರಶ್ನೆ ಎಂದು ಪ್ರಾಂಶುಪಾಲರು ಹೇಳಿದ್ದರಂತೆ. ಪತ್ರಿಕೆಯವರಿಗೆ ಆ ಮೂಳೆ ಮಾಂಸಗಳೇ ಅತಿಯಾಗಿ ಕಂಡವು. ಬೇಗ ಗೀಚಿ ಕೊಡಿ, ಯಾರು ನೋಡ್ತಾರೆ ಎಂದರು. ಇನ್ನು ಹಮಾಲರ ಬೆನ್ನುಗಳನ್ನು ಆಳೆತ್ತರದ ಬಟ್ಟೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದು ಗ್ಯಾಲರಿಗೆ ಒಯ್ದರೆ, ಅಲ್ಲಿನ ಯಜಮಾನ ಮೂಗು ಮುರಿದ: ಬೆನ್ನು ಚೆನ್ನಾಗಿದೆ, ಆದರೆ ಕಾಮಿಕ್ಸ್ ವಾಸನೆ ಹೊಡೆಯುತ್ತೆ.

ಈಗ ಅದೇ ಯಜಮಾನ ಕಾರಿನಲ್ಲಿ ಬಂದು ಎಣ್ಣೆ ಬಣ್ಣದ ಹದಿನಾಲ್ಕು ಚಿತ್ರಗಳನ್ನಷ್ಟೇ ಕೇಳಿದ್ದಾನೆ. ಸತ್ತ ಮೇಲೆ ವಾಸನೆ ಹೋಯಿತೇನೋ. ಮೇಷ್ಟ್ರ ಹೆಂಡತಿ ಮಾರುಕಟ್ಟೆಯಲ್ಲಿ ಬರೆದ ಹಮಾಲರ ಚಿತ್ರಗಳ ಕಟ್ಟು, ಅಂಚೆಯಣ್ಣನ ಪುಟಗಳ ಪೆಟ್ಟಿಗೆ ಎರಡನ್ನೂ ಅವುಗಳ ಪಕ್ಕ ಇಟ್ಟು, "ಒಯ್ಯೋದಾದ್ರೆ ಮೂರನ್ನೂ ಒಯ್ಯಿ. ಇಲ್ಲಾಂದ್ರೆ ಚಹಾ ಕುಡಿದು ಹೊರಡಿ" ಎಂದರು. ಚಹಾ ಕುಡಿದು ಹೊರಟ.

ಇದೆಲ್ಲ ಹಳೆಯ ಗಾಯ. ಹೊಸದನ್ನು ಹೇಳುತ್ತೇನೆ. ಈ ಕಸುಬಿನಲ್ಲಿ ಮೊದಲು ತಿಳಿ ನೀಲಿ ಪೆನ್ಸಿಲಿನಲ್ಲಿ ಬರೆದು, ಅದರ ಮೇಲೆ ಕಪ್ಪು ಮಸಿ ಎಳೆಯುತ್ತಾರೆ. ಕಪ್ಪು ಬಿಳುಪಿನ ಅಚ್ಚಿನಲ್ಲಿ ಆ ನೀಲಿ ಕಾಣುವುದಿಲ್ಲ. ಅಳಿಸುವ ಶ್ರಮ ತಪ್ಪುತ್ತದೆ. ಮೇಷ್ಟ್ರ ಕೊನೆಯ ಪುಟದಲ್ಲಿ ಐದು ಚೌಕಕ್ಕೆ ಮಸಿ ಬಿದ್ದಿತ್ತು. ಆರನೆಯದು ನೀಲಿಯಲ್ಲೇ ನಿಂತಿತ್ತು. ಮರುದಿನವೇ ಪುಟ ಬೇಕೆಂದು ಕಚೇರಿಯ ಮನುಷ್ಯ ಮನೆಗೆ ಬಂದ. ಆಕೆ ಪುಟ ಕೊಟ್ಟರು. ಕೊನೆಯ ಚೌಕಕ್ಕೆ ಮಸಿಯಾಗಿಲ್ಲ, ಚಿತ್ರ ಬರೆಯುತ್ತಿದ್ದವರು ತೀರಿಕೊಂಡರು, ಹಾಗೆಂದು ಅಲ್ಲಿ ಒಂದು ಸಾಲು ಅಚ್ಚು ಹಾಕಿ ಎಂದು ತಮ್ಮ ದುಂಡಕ್ಷರದಲ್ಲೇ ಚೀಟಿ ಬರೆದು ಪುಟಕ್ಕೆ ಸಿಕ್ಕಿಸಿದರು.

ಕಚೇರಿಯಲ್ಲಿ ಯಾರೋ ಚೀಟಿ ಕಿತ್ತರು. ಚಿತ್ರವನ್ನು ಯಾರೂ ನೋಡಲಿಲ್ಲ. ಮೂವತ್ತನಾಲ್ಕು ವರ್ಷದಿಂದ ನೋಡದ ಅಭ್ಯಾಸ. ಪುಟ ಅಚ್ಚಾಗಿ ಬಂದಾಗ ಆರನೆಯ ಚೌಕ ಬರೀ ಬಿಳಿ.

ಅಂಚೆಯಣ್ಣ ಎಲ್ಲಿ ಎಂದು ಮಕ್ಕಳು ನಾಲ್ಕು ಚೀಲ ಕಾಗದ ಬರೆದರು. ಮುಂದಿನ ಸಂಚಿಕೆಯಲ್ಲಿ ಉತ್ತರ ಬಂತು: "ಮುದ್ರಣದೋಷದಿಂದ ಕಳೆದ ವಾರ ಒಂದು ಚೌಕ ಖಾಲಿ ಉಳಿದಿತ್ತು. ವಿಷಾದಿಸುತ್ತೇವೆ." ಅದರ ಮೇಲೆ ಬೇರೊಬ್ಬರು ಬರೆದ ಅಂಚೆಯಣ್ಣ. ಗಾಳಿ ಹೋದ ದಿಂಬಿನ ಹಾಗಿದ್ದ. ಕುಂಟುತ್ತಿದ್ದದ್ದು ಬಲಗಾಲು.

ಒಬ್ಬ ಮನುಷ್ಯನ ಸಾವಿಗೆ ಅವರು ಇಟ್ಟ ಹೆಸರು ಮುದ್ರಣದೋಷ.

ಮೇಷ್ಟ್ರ ಹೆಂಡತಿ, ನಾನು ಇಬ್ಬರೂ ಸಂಪಾದಕರ ಕೋಣೆಗೆ ಹೋದೆವು. ಅವರು ಒಳ್ಳೆಯ ಮಾತಿನವರು; ಕುರ್ಚಿ ಹಾಕಿಸಿದರು, ಫ್ಯಾನು ಜೋರು ಮಾಡಿಸಿದರು. ಚಂದಾದಾರರು ಗಾಬರಿಯಾಗುತ್ತಾರೆ, ಅಂಚೆಯಣ್ಣ ಇವರಾದ ಮೇಲೂ ನಡೆಯಬೇಕಲ್ಲವೇ ಎಂದು ವಿವರಿಸಿದರು. ಕೊನೆಗೆ, "ಮಕ್ಕಳ ಪುಟ ತಾಯೀ. ಅಲ್ಲಿ ಸಾವಿನ ಸುದ್ದಿ ಹಾಕೋಕಾಗಲ್ಲ" ಎಂದರು.

"ಸುಳ್ಳು ಹಾಕ್ಬಹುದಾ?" ಎಂದರು ಆಕೆ.

ಸಂಪಾದಕರು ಮೇಜಿನ ಮೇಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಜೋಡಿಸತೊಡಗಿದರು. ಆಕೆ ಪುಟ ವಾಪಸು ಕೇಳಿದರು. ಕಪಾಟಿನ ಅಡಿಯಲ್ಲಿ, ಹಳೆಯ ಕ್ಯಾಲೆಂಡರುಗಳ ನಡುವೆ ಸಿಕ್ಕಿತು. ಒಂದು ಮೂಲೆಯಲ್ಲಿ ಚಹಾ ಲೋಟದ ಗುರುತು ಇತ್ತು.

ಆಕೆ ಪುಟವನ್ನು ಎದೆಗವಚಿಕೊಂಡು ನಡೆದರು. ಮನೆ ಮುಟ್ಟಿದ ಮೇಲೆ ಕೇಳಿದರು: "ನೀವು ಬರೆಯೋ ಭಾನುವಾರದ ಪುರವಣಿ ಬಣ್ಣದ್ದಲ್ವಾ ಅಣ್ಣಾ? ಅದ್ರಲ್ಲಿ ನೀಲಿ ಬರುತ್ತಲ್ವಾ?"

ಬರುತ್ತದೆ. ಈ ಬರಹದ ಪಕ್ಕದಲ್ಲಿ ಅಚ್ಚಾಗಿರುವುದೇ ಆ ಆರನೆಯ ಚೌಕ. ಚಹಾದ ಕಲೆಯನ್ನೂ ತೆಗೆಯಬೇಡಿ ಎಂದು ಅಚ್ಚಿನವರಿಗೆ ಹೇಳಿದ್ದೇನೆ. ಅಂಚೆಯಣ್ಣ ಒಂದು ಹೊಸ್ತಿಲ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಿದ್ದಾನೆ. ಚೀಲ ಪಕ್ಕದಲ್ಲಿದೆ. ಅಂಗಿ ಇನ್ನೂ ಬಂದಿಲ್ಲ. ಬಾಗಿದ ಬೆನ್ನಿನ ಒಂದೊಂದು ಗಂಟನ್ನೂ ಎಣಿಸಬಹುದು. ಮಕ್ಕಳಿರುವ ಮನೆಯವರು ಇದನ್ನು ಅವರಿಗೆ ತೋರಿಸಿ. ಯಂತ್ರದ ತಪ್ಪೇನೂ ಇರಲಿಲ್ಲ, ಬರೆಯುತ್ತಿದ್ದ ಅಜ್ಜ ತೀರಿಕೊಂಡರು, ಅದಕ್ಕೇ ನಿಂತಿತು ಎಂದು ಹೇಳಿ. ಮಕ್ಕಳು ಅತ್ತರೆ ಅಳಲಿ. ಅಷ್ಟು ಕಣ್ಣೀರು ಮೇಷ್ಟ್ರಿಗೆ ಸಲ್ಲಬೇಕಾದದ್ದೇ.

ಎಲ್ಲ ದೇಹಗಳನ್ನೂ ಮಾಡಿದ ತಂದೆಯೇ, ನಿನ್ನ ಕೆಲಸವನ್ನು ಇಷ್ಟು ಗಮನವಿಟ್ಟು ನೋಡಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ನನ್ನ ಕೋಪ ನನ್ನ ಬಳಿಯೇ ಇರಲಿ, ಅದರ ಲೆಕ್ಕ ನಾನು ಬಂದು ಒಪ್ಪಿಸುತ್ತೇನೆ. ಅದು ಮೇಷ್ಟ್ರ ದಾರಿಗೆ ಅಡ್ಡ ಬರದಿರಲಿ. ಆ ಕೈಗಳಿಗೆ ಬಿಡುವು ಕೊಡು. ಆ ಕಣ್ಣುಗಳನ್ನು ನಿನ್ನ ಬೆಳಕಿನಲ್ಲಿ ಇರಿಸು. ಅವರಿಗೆ ಶಾಂತಿಯನ್ನು ಕೊಡು.